ಮಳೆ ಹಿಡಿದ ಮೇಲೆ ಬೇಸ್ ಗಿಟಾರಿನಲ್ಲಿ ಝರಝರ ಸದ್ದು: ಸ್ಯಾಡಲ್ ಎತ್ತಿದರೂ ಹೋಗುತ್ತಿಲ್ಲ

ತುಂಗೆಯದಡ (ತೀರ್ಥಹಳ್ಳಿ)

ಚೌತಿಯ ಪೆಂಡಾಲುಗಳಲ್ಲಿ ಹಾಡುವ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ನಾನು ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುತ್ತೇನೆ. ಕಳೆದ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಒಂದು ಹಳೆಯ ವಾದ್ಯವನ್ನು ಕೊಂಡು ತಂದೆ. ನೆಕ್ (ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಮೇಪಲ್ ಮರದ್ದು, ಫ್ರೆಟ್‌ಬೋರ್ಡ್ ಬೀಟೆಯದ್ದು, ತಂತಿಯ ಉದ್ದ 34 ಇಂಚು. ಬೇಸಿಗೆಯುದ್ದಕ್ಕೂ ಯಾವ ತೊಂದರೆಯೂ ಇರಲಿಲ್ಲ. ಆರಿದ್ರಾ ಮಳೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಇ ಮತ್ತು ಎ ಎಂಬ ದಪ್ಪ ತಂತಿಗಳಲ್ಲಿ, ಮೊದಲ ಫ್ರೆಟ್‌ನಿಂದ (ನೆಕ್‌ನ ಮೇಲಿನ ಲೋಹದ ಮೆಟ್ಟಿಲು) ಐದನೆಯದರವರೆಗೆ, ಎಲ್ಲಿ ಒತ್ತಿದರೂ ಝರಝರ ಎಂಬ ಸದ್ದು ಬರತೊಡಗಿತು. ತಂತಿ ತಗ್ಗಿರಬೇಕೆಂದು ಭಾವಿಸಿ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು (ವಾದ್ಯದ ಮೈಮೇಲೆ ತಂತಿಗಳು ಕೂರುವ ಸಣ್ಣ ಆಸರೆಗಳನ್ನು) ಎತ್ತುತ್ತಾ ಹೋದೆ. ಈಗ 12ನೇ ಫ್ರೆಟ್‌ನ ಮೇಲೆ ಇ ತಂತಿಯ ಎತ್ತರ 3.5 ಮಿ.ಮೀ. ಆಗಿದೆ, ಬೆರಳು ನೋಯುತ್ತಿದೆ, ಸದ್ದು ಮಾತ್ರ ಮೊದಲಿನಂತೆಯೇ ಇದೆ. ನೆಕ್ ಕೆಟ್ಟುಹೋಗಿದೆಯೇ? ಚೌತಿಗೆ ಐದು ವಾರವಷ್ಟೇ ಉಳಿದಿರುವುದರಿಂದ ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಎರಡನೇತಂತಿ (ಶಿವಮೊಗ್ಗ)

ನೆಕ್ ಕೆಟ್ಟಿಲ್ಲ, ಅದು ಹಿಂದಕ್ಕೆ ಬಾಗಿದೆ ಎಂದು ನಿಮ್ಮ ವಿವರಣೆಯಿಂದಲೇ ಊಹಿಸಬಹುದು. ಸದ್ದು ಎಲ್ಲಿ ಬರುತ್ತದೆ ಎಂಬುದೇ ಕಾರಣವನ್ನು ಹೇಳುತ್ತದೆ. ಎಲ್ಲಿಯೂ ಒತ್ತದೆ ಮೀಟಿದ ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್‌ನ (ನೆಕ್‌ನ ತಲೆಯ ಬಳಿ ತಂತಿಗಳು ಹಾಯುವ ಪಟ್ಟಿ) ತೋಡು ಆಳವಾಗಿದೆ ಎಂದು ಅರ್ಥ. 12ನೇ ಫ್ರೆಟ್‌ನಿಂದ ಆಚೆಗೆ ಬಂದರೆ ಸಾಮಾನ್ಯವಾಗಿ ಸ್ಯಾಡಲ್ ತಗ್ಗಿರುತ್ತದೆ. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರುತ್ತದೆ. ನಿಮ್ಮಂತೆ ಮೊದಲ ಐದು ಫ್ರೆಟ್‌ಗಳಲ್ಲಿ ಸಾಲಾಗಿ ಬಂದರೆ ಅದು ನೆಕ್‌ನ ಬಾಗಿನ ಪ್ರಶ್ನೆ. ನಟ್‌ನ ಬದಿಯಲ್ಲಿ ಸ್ಯಾಡಲ್‌ನ ಪ್ರಭಾವ ಬಹಳ ಕಡಿಮೆ. ಸ್ಯಾಡಲನ್ನು 1 ಮಿ.ಮೀ. ಎತ್ತಿದರೆ 12ನೇ ಫ್ರೆಟ್‌ನಲ್ಲಿ ತಂತಿ ಅರ್ಧ ಮಿ.ಮೀ. ಮೇಲೇರುತ್ತದೆ, ಮೂರನೆಯದರಲ್ಲಿ 0.16 ಮಿ.ಮೀ. ಮಾತ್ರ. ನಿಮ್ಮ ಶ್ರಮವೆಲ್ಲ ಬೆರಳುನೋವಿಗೆ ಹೋಗಿರುವುದು ಇದರಿಂದಲೇ.

ಮೊದಲು ಅಳೆಯಿರಿ. ವಾದ್ಯವನ್ನು ಸರಿಯಾಗಿ ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲಿಯೇ ಹಿಡಿದು, ಇ ತಂತಿಯನ್ನು ಎಡಗೈಯಿಂದ ಮೊದಲನೇ ಫ್ರೆಟ್‌ನಲ್ಲಿಯೂ ಬಲಗೈಯಿಂದ ಕೊನೆಯ ಫ್ರೆಟ್‌ನಲ್ಲಿಯೂ ಒಟ್ಟಿಗೆ ಒತ್ತಿದರೆ ಆ ತಂತಿಯೇ ಅಳತೆಪಟ್ಟಿಯಾಗುತ್ತದೆ. ಆಗ ಏಳನೇ ಫ್ರೆಟ್‌ನ ತಲೆಗೂ ತಂತಿಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಬೈಕಿನ ಟ್ಯಾಪೆಟ್ ಸರಿಪಡಿಸುವವರ ಬಳಿ ಇರುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು) ಇದಕ್ಕೆ ಸಾಕು. ಗಿಟಾರಿಗೆಂದೇ ದುಬಾರಿ ಉಪಕರಣವನ್ನು ತರಿಸಬೇಕಾಗಿಲ್ಲ. ಸಂದೇ ಇಲ್ಲದೆ ತಂತಿ ಎಲ್ಲ ಫ್ರೆಟ್‌ಗಳಿಗೂ ತಾಗಿದ್ದರೆ ನನ್ನ ಊಹೆ ಸರಿ.

ಹಾಗಿದ್ದಲ್ಲಿ ಟ್ರಸ್ ರಾಡನ್ನು ಸಡಿಲಿಸಬೇಕು. ನಾಲ್ಕು ತಂತಿಗಳು ಸೇರಿ ನೆಕ್ ಅನ್ನು ಎಪ್ಪತ್ತು ಕೆ.ಜಿ.ಯ ಆಸುಪಾಸಿನ ಬಲದಿಂದ, ಅಂದರೆ ಹೆಚ್ಚುಕಡಿಮೆ ಒಂದು ಅಡಿಕೆ ಮೂಟೆಯ ಭಾರದಿಂದ, ಮುಂದಕ್ಕೆ ಎಳೆಯುತ್ತಿರುತ್ತವೆ. ನೆಕ್‌ನ ಒಳಗಿರುವ ಉಕ್ಕಿನ ರಾಡ್ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ರಾಡ್‌ನ ತುದಿಯಲ್ಲಿರುವ ತಿರುಗಿಸುವ ನಟ್‌ಗೆ (ತಂತಿ ಹಾಯುವ ನಟ್ ಅಲ್ಲ) ಎದುರಾಗಿ ನಿಂತು ನೋಡಿದಾಗ ಪ್ರದಕ್ಷಿಣೆಯಾಗಿ ತಿರುಗಿಸಿದರೆ ಅದು ಬಿಗಿಯಾಗುತ್ತದೆ, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲವಾಗಿ ನೆಕ್ ಮುಂದಕ್ಕೆ ಬರುತ್ತದೆ. ಒಂದು ಸಲಕ್ಕೆ ಎಂಟನೆಯ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿಯಿಡೀ ಬಿಟ್ಟು ಮರುದಿನ ಅಳೆಯಿರಿ. ಅದನ್ನು ತಿರುಗಿಸುವ ಅಲೆನ್ ಕೀ (ಆರು ಮೂಲೆಯ ಕೀಲಿ) ವಿಷಯದಲ್ಲಿ ಅವಸರ ಬೇಡ. ಕೆಲವು ವಾದ್ಯಗಳಲ್ಲಿ ಇಂಚಿನ ಅಳತೆಯ ನಟ್ ಇರುತ್ತದೆ. 3/16 ಇಂಚು ಎಂದರೆ 4.76 ಮಿ.ಮೀ., ಅದಕ್ಕೆ 4.5ರ ಕೀ ಹಾಕಿ ತಿರುಗಿಸಿದರೆ ಒಳಗಿನ ಮೂಲೆಗಳು ಸವೆದುಹೋಗುತ್ತವೆ, ಆಮೇಲೆ ಯಾರಿಂದಲೂ ಸುಲಭವಾಗಿ ಸರಿಪಡಿಸಲಾಗದು.

ಸ್ಯಾಡಲ್‌ಗಳನ್ನು ಇಳಿಸುವುದು ಇದೆಲ್ಲ ಮುಗಿದ ಮೇಲೆ. 12ನೇ ಫ್ರೆಟ್‌ನಲ್ಲಿ ಇ ತಂತಿಗೆ 2.3, ಜಿ ತಂತಿಗೆ 2 ಮಿ.ಮೀ. ಎಂಬುದು ಹೆಚ್ಚಿನವರಿಗೆ ಒಗ್ಗುವ ಎತ್ತರ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಇರುವುದರಿಂದ, ಉಬ್ಬಿದ ಅಕ್ಷರಗಳಿಲ್ಲದ ಮೂರು ಕಾರ್ಡುಗಳನ್ನು ಜೋಡಿಸಿ ಇ ತಂತಿಯ ಅಡಿಗೆ ತೂರಿಸಿದರೆ ಅಳತೆ ಸಿಕ್ಕಂತೆಯೇ. ಎತ್ತರ ಬದಲಾದಾಗ ಸ್ವರವೂ ಸ್ವಲ್ಪ ಕದಲುತ್ತದೆ; 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವು ಅಲ್ಲಿಯೇ ಬೆರಳು ತಾಗಿಸಿ ಹೊರಡಿಸುವ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್‌ನ ಕಡೆಗೆ ಸರಿಸಬೇಕು.

ಮೇಣದಮೆಟ್ಟಿಲು (ಸಾಗರ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮಳೆಗಾಲದಲ್ಲಿ ನೆಕ್ ಯಾವಾಗಲೂ ಹಿಂದಕ್ಕೇ ಬಾಗುತ್ತದೆ ಎಂದು ಯಾರೂ ತಿಳಿಯಬಾರದು. ನಮ್ಮ ಮನೆಯಲ್ಲಿ ವೀಣೆಗೆ ಮೇಳ ಕಟ್ಟುವ, ಅಂದರೆ ಮೆಟ್ಟಿಲು ಕೂರಿಸುವ, ಕೆಲಸವಿರುವುದರಿಂದ ಮರದ ಸ್ವಭಾವವನ್ನು ಸ್ವಲ್ಪ ಕಂಡಿದ್ದೇನೆ. ನಿಮ್ಮ ವಾದ್ಯದಲ್ಲಿ ನೆಕ್‌ನ ಬೆನ್ನಿಗೆ ವಾರ್ನಿಷ್ ಇದೆ, ಬೀಟೆಯ ಮೈ ಬಹುಶಃ ಬರಿದಾಗಿದೆ. ತೇವವನ್ನು ಬರಿಮೈ ಮೊದಲು ಹೀರಿ ಹಿಗ್ಗುತ್ತದೆ, ಬೆನ್ನು ಹಾಗೆಯೇ ಉಳಿಯುತ್ತದೆ, ಆದ್ದರಿಂದ ನೆಕ್ ಹಿಂದಕ್ಕೆ ಬಾಗುತ್ತದೆ. ನನ್ನ ಬಳಿ ಇರುವ ಬೇಸ್‌ನಲ್ಲಿ ಎರಡೂ ಮೈಗೆ ವಾರ್ನಿಷ್ ಇದೆ; ಅದು ಪ್ರತಿ ಆಷಾಢದಲ್ಲಿಯೂ ಮುಂದಕ್ಕೇ ಬರುತ್ತದೆ. ಹಾಗಾಗಿ ಅಳೆಯದೆ ಕೀ ಹಿಡಿಯಬೇಡಿ.

ವೀಣೆಯಲ್ಲಿ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವುದರಿಂದ ಒಂದು ಎದ್ದರೆ ಕಾಯಿಸಿ ಒತ್ತಿ ಸರಿಮಾಡುವ ಅನುಕೂಲವಿದೆ. ತಂಬೂರಿಯಲ್ಲಂತೂ ಆ ಝೇಂಕಾರಕ್ಕಾಗಿಯೇ ಕುದುರೆಯ (ಅದರ ಬ್ರಿಡ್ಜ್) ಮೇಲೆ ದಾರವನ್ನಿಟ್ಟು ಸರಿಸಿ ಸರಿಸಿ ಕೂರಿಸುತ್ತೇವೆ. ಅದನ್ನೇ ಓಡಿಸಲು ನೀವು ಇಷ್ಟು ಪಾಡುಪಡುವುದನ್ನು ಓದಿ ನಗು ಬಂತು, ಕ್ಷಮಿಸಿ.

ವಾದ್ಯವನ್ನು ಬೆಚ್ಚಗಿಡುವ ಉದ್ದೇಶದಿಂದ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆಗೆ ಇಟ್ಟವರನ್ನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಹಗಲು ಹೊಗೆಯ ಶಾಖ, ರಾತ್ರಿ ಮಳೆಯ ಥಂಡಿ ಎಂದು ದಿನಕ್ಕೆರಡು ಸಲ ಬದಲಾಗುವುದಕ್ಕಿಂತ ಒಂದೇ ಹದದ ತೇವವೇ ಮರಕ್ಕೆ ವಾಸಿ. ಹೊರಗೋಡೆಗೆ ತಾಗದಂತೆ, ಒಳಕೋಣೆಯಲ್ಲಿ, ಚೀಲದೊಳಗೆ ಇಟ್ಟರೆ ಸಾಕು.

ಹೆಬ್ಬೆರಳು (ಹೊಸನಗರ)

ಒಂದು ಸಣ್ಣ ಮಾತು. ಸದ್ದು ಆಂಪ್ಲಿಫೈಯರ್‌ನಲ್ಲಿ ಕೇಳಿಸುತ್ತದೆಯೇ, ಅಥವಾ ಕೋಣೆಯಲ್ಲಿ ಒಬ್ಬರೇ ಕುಳಿತು ನುಡಿಸಿದಾಗ ಮಾತ್ರವೇ? ತಂತಿ ತಗ್ಗಾಗಿರುವ ಬೇಸ್‌ನಲ್ಲಿ ಸ್ವಲ್ಪ ಕಿರಿಕಿರಿ ಇರುವುದು ಸಹಜ, ಪೆಂಡಾಲಿನಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಬಲಗೈಯಿಂದ ಜೋರಾಗಿ ಮೀಟುವ ಅಭ್ಯಾಸವಿದ್ದರೆ ಎಂಥ ವಾದ್ಯವೂ ಝರಗುಟ್ಟುತ್ತದೆ. ಮೃದುವಾಗಿ ಮೀಟಿ, ಆಂಪ್ಲಿಫೈಯರ್‌ನ ದನಿ ಏರಿಸಿ ನೋಡಿ.

ತುಂಗೆಯದಡ

ಎಲ್ಲರಿಗೂ ಕೃತಜ್ಞತೆಗಳು. ಅಳೆದು ನೋಡಿದಾಗ ಏಳನೇ ಫ್ರೆಟ್‌ನಲ್ಲಿ ಒಂದು ಹಾಳೆ ತೂರುವಷ್ಟೂ ಸಂದು ಇರಲಿಲ್ಲ. ಮೂರು ದಿನಗಳಲ್ಲಿ ಒಟ್ಟು ಅರ್ಧ ಸುತ್ತಿನಷ್ಟು ಸಡಿಲಿಸಿದ್ದೇನೆ, ಈಗ 0.3ರ ಎಲೆ ಸರಿಯಾಗಿ ಕೂರುತ್ತದೆ. ಮೊದಲ ಐದು ಫ್ರೆಟ್‌ಗಳ ಸದ್ದು ಆಂಪ್ಲಿಫೈಯರ್‌ನಲ್ಲಿಯೂ ಕೇಳಿಸುತ್ತಿತ್ತು, ಅದು ಸಂಪೂರ್ಣವಾಗಿ ಹೋಗಿದೆ. ಸ್ಯಾಡಲ್‌ಗಳನ್ನು ಇಳಿಸಿ ಮೂರು ಕಾರ್ಡುಗಳ ಎತ್ತರಕ್ಕೆ ತಂದಿದ್ದೇನೆ. ಆದರೆ ಇಷ್ಟು ಇಳಿಸಿದ ಮೇಲೆ ಎ ತಂತಿಯ ಒಂಬತ್ತನೇ ಫ್ರೆಟ್‌ನಲ್ಲಿ ಮಾತ್ರ ಹೊಸದಾಗಿ ಸದ್ದು ಬರುತ್ತಿದೆ. ಎಂಟರಲ್ಲಿಯೂ ಇಲ್ಲ, ಹತ್ತರಲ್ಲಿಯೂ ಇಲ್ಲ.

ಎರಡನೇತಂತಿ (ಶಿವಮೊಗ್ಗ)

ಹಾಗಾದರೆ ಹತ್ತನೆಯದು ಎದ್ದಿದೆ; ಇಷ್ಟು ದಿನ ತಂತಿ ಎತ್ತರದಲ್ಲಿದ್ದುದರಿಂದ ಗೊತ್ತಾಗಿರಲಿಲ್ಲ. ಒಂದು ಕಾರ್ಡಿನ ನೇರ ಅಂಚನ್ನು ಒಂಬತ್ತು, ಹತ್ತು, ಹನ್ನೊಂದರ ಮೇಲೆ, ಮೂರಕ್ಕೆ ಮಾತ್ರ ತಾಗುವಂತೆ ಇಟ್ಟು ಅಲುಗಿಸಿ. ಏತದಂತೆ ಆಚೀಚೆ ತೂಗಿದರೆ ಅನುಮಾನ ಖಚಿತ. ಬಳಿಕ ಆ ಫ್ರೆಟ್‌ನ ತುದಿಯನ್ನು ಮರದ ತುಂಡಿನಿಂದ ಒತ್ತಿಹಿಡಿದು ಮತ್ತೊಮ್ಮೆ ಅಲುಗಿಸಿ ನೋಡಿ. ಒತ್ತಿದಾಗ ತೂಗಾಟ ನಿಂತರೆ ಅದು ತನ್ನ ತೋಡಿನಿಂದ ಮೇಲೆದ್ದಿದೆ ಎಂದು ಅರ್ಥ, ಅದನ್ನು ಕೂರಿಸಿ ಅಂಟಿಸಿದರೆ ಸರಿಹೋಗುತ್ತದೆ. ಒತ್ತಿದರೂ ತೂಗುತ್ತಿದ್ದರೆ ತಲೆಯನ್ನು ಅರದಿಂದ ಉಜ್ಜಿ ಮತ್ತೆ ದುಂಡಗೆ ಮಾಡಬೇಕಾಗುತ್ತದೆ. ಆ ಕೆಲಸವನ್ನು ಕೈ ಪಳಗಿದವರಿಗೇ ಬಿಡಿ.

ತುಂಗೆಯದಡ

ಒತ್ತಿದಾಗ ನಿಲ್ಲುತ್ತದೆ. ಎ ತಂತಿಯ ಬದಿಯ ತುದಿ ಉಗುರಿಗೆ ಸಿಗುವಷ್ಟು ಎದ್ದಿದೆ. ಚೌತಿಯವರೆಗೆ ಎ ತಂತಿಯ ಸ್ಯಾಡಲನ್ನು ಅರ್ಧ ಸುತ್ತು ಎತ್ತಿಕೊಂಡು ಕಾಲ ಹಾಕುತ್ತೇನೆ, ಅಂಟಿಸುವ ಕೆಲಸ ಮಳೆ ಬಿಟ್ಟ ಮೇಲೆ.