ಸಹಾಯ ಬೇಕು: ಮೊರೋನ ಈಡಿಪಸ್-ಸ್ಫಿಂಕ್ಸ್ ಚಿತ್ರಾನ ಹೇಗೆ ಅರ್ಥ ಮಾಡ್ಕೊಳ್ಳೋದು?

ಎಲ್ರಿಗೂ ನಮಸ್ಕಾರ, ಆರ್ಟ್ ಹಿಸ್ಟರಿ ಓದಿರೋರು ಯಾರಾದ್ರೂ ಇದ್ರೆ ದಯವಿಟ್ಟು ಸ್ವಲ್ಪ ಹೇಳಿ. ಫ್ರೆಂಚ್ ಚಿತ್ರಕಾರ ಗುಸ್ತಾವ್ ಮೊರೋ 1864ರಲ್ಲಿ ಪ್ಯಾರಿಸ್ಸಿನ ದೊಡ್ಡ ಕಲಾ ಪ್ರದರ್ಶನವಾದ ಸಲೋನ್‌ನಲ್ಲಿ ಇಟ್ಟಿದ್ದ 'ಈಡಿಪಸ್ ಮತ್ತು ಸ್ಫಿಂಕ್ಸ್' ಮೇಲೆ ಕಾಲೇಜಲ್ಲಿ ಸೆಮಿನಾರ್ ಕೊಡ್ಬೇಕು, ಮೂಲಚಿತ್ರ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ.

ಗ್ರೀಕ್ ಪುರಾಣದ ಕಥೆ ಗೊತ್ತು, ಸ್ಫಿಂಕ್ಸ್ ಅಂದ್ರೆ ಥೀಬ್ಸ್ ನಗರದ ದಾರೀಲಿ ಒಗಟು ಕೇಳಿ ಉತ್ತರ ಗೊತ್ತಿಲ್ದೋರ್ನ ಕೊಲ್ಲೋ ಪ್ರಾಣಿ, ಈಡಿಪಸ್ 'ಮನುಷ್ಯ' ಅಂದು ಗೆದ್ದ. ಆದ್ರೆ ಇಲ್ಲಿ ಸವಾಲು-ಜವಾಬು ಥರ ಏನೂ ಕಾಣಲ್ಲ. ಸಿಂಹದ ಮೈ, ಹೆಣ್ಣಿನ ಮುಖ, ರೆಕ್ಕೆ ಇರೋ ಅದು ಹಾರಿ ಅವನ ಎದೆಗೇ ಅಂಟ್ಕೊಂಡಿದೆ, ಮುಂಗಾಲು ಎದೆ ಮೇಲೆ, ಇಬ್ರೂ ಕಣ್ಣು ಕೀಳದೆ ನೋಡ್ತಿದಾರೆ, ಬೇಟೆನೋ ಪ್ರೇಮನೋ ಗೊತ್ತಾಗ್ದಷ್ಟು ಹತ್ರ. ಕೆಳಗೆ ನೋಡಿದ್ರೆ ಸತ್ತೋರ ಕೈ, ಕಾಲು, ಒಂದು ಕಿರೀಟ! ಬಲಗಡೆ ಕಂಬಕ್ಕೆ ಹಾವು ಸುತ್ಕೊಂಡಿದೆ, ಅಲ್ಲೇ ಮೇಲೆ ಚಿಟ್ಟೆ. ಗ್ರೀಕರಲ್ಲಿ ಚಿಟ್ಟೆ ಅಂದ್ರೆ ಆತ್ಮ, ಹಾಗಾದ್ರೆ ಹಾವು ಸಾವೇ ಇರ್ಬೇಕಾ?

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿರೋ ಚಿತ್ರಕಾರ ಆಂಗ್ರ್‌ನ 1808ರ ಚಿತ್ರದಲ್ಲಿ ಇದೇ ಈಡಿಪಸ್ ಬಗ್ಗಿ ಬೆರಳು ತೋರ್ಸಿ ವಾದ ಮಾಡ್ತಾನೆ, ಅಲ್ಲಿ ಬುದ್ಧಿಯೇ ಹೀರೋ. ಮೊರೋನ ಹುಡುಗ ಸುಮ್ನೆ ನಿಂತಿದಾನೆ, ನಂಗಂತೂ ಇದೇ ಜಾಸ್ತಿ ಭಯ ಹುಟ್ಸುತ್ತೆ.

ಇನ್ನೊಂದು ಡೌಟು, ಸಿಂಬಲಿಸಂ (ನೇರವಾಗಿ ಹೇಳದೆ ಸಂಕೇತಗಳಲ್ಲಿ ಭಾವ ಸೂಚಿಸೋ ಕಲಾ ಚಳವಳಿ) ಪ್ರಣಾಳಿಕೆ ಬಂದಿದ್ದು 1886ರಲ್ಲಿ, ಅದಕ್ಕೂ ಮೊದಲಿನ ಈ ಚಿತ್ರಾನ ಸಿಂಬಲಿಸ್ಟ್ ಅನ್ಬಹುದಾ ಇಲ್ಲ ಮುನ್ಸೂಚನೆ ಅಷ್ಟೇನಾ? ಸರ್, ಮೇಡಂ, ಗೊತ್ತಿದ್ರೆ ಕಾಮೆಂಟ್ ಹಾಕಿ.