ತಜ್ಞರನ್ನು ಕೇಳಿ: ಪಂಜಾಬ್ ಗಡಿಯ ಡ್ರೋನ್‌ಗಳು ಕಾಣೋದು ಹೇಗೆ, ತಡೆಯೋದು ಹೇಗೆ?

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು): ಸರ್, ಪಂಜಾಬಿನಲ್ಲಿ ಪಾಕಿಸ್ತಾನದ ಜೊತೆಗಿರುವ 553 ಕಿ.ಮೀ. ಗಡಿಯಲ್ಲಿ ತಂತಿಬೇಲಿ ಇದೆ, ಫ್ಲಡ್‌ಲೈಟ್ ಇದೆ, ಬಿಎಸ್‌ಎಫ್ ಪಹರೆ ಇದೆ. ಆದರೂ ಹೆರಾಯಿನ್ ಹೊತ್ತ ಡ್ರೋನ್‌ಗಳು ಬರುತ್ತಲೇ ಇವೆ. ಯುದ್ಧವಿಮಾನವನ್ನೇ ಹಿಡಿಯುವ ರೇಡಾರ್‌ಗೆ ಇವು ಯಾಕೆ ಸಿಗಲ್ಲ?

ಉತ್ತರ (ರೇಡಾರ್ ಎಂಜಿನಿಯರ್, ಬೆಂಗಳೂರು): ಸಿಗುತ್ತವೆ. ಆದರೆ ತಡವಾಗಿ, ಅದೂ ಹತ್ತಾರು ಸುಳ್ಳು ಗುರುತುಗಳ ನಡುವೆ.

ಒಂದು ವಸ್ತು ರೇಡಾರ್‌ಗೆ ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದನ್ನು ಚದರ ಮೀಟರ್‌ನಲ್ಲಿ ಅಳೆಯುತ್ತೇವೆ. ನಾಲ್ಕು ಪ್ರೊಪೆಲ್ಲರ್‌ನ ಪುಟ್ಟ ಡ್ರೋನ್, ಅಂದರೆ ಕ್ವಾಡ್‌ಕಾಪ್ಟರ್‌ನ ಅಳತೆ ಸುಮಾರು 0.01 ಚದರ ಮೀಟರ್, ಒಂದು ಹಕ್ಕಿಯಷ್ಟು. ರೇಡಾರ್ ನೋಡಬಲ್ಲ ದೂರ ಈ ಅಳತೆಯ ವರ್ಗಮೂಲಕ್ಕೆ ಮತ್ತೆ ವರ್ಗಮೂಲ ತೆಗೆದಷ್ಟು ಬದಲಾಗುತ್ತೆ. ಹಾಗಾಗಿ 1 ಚದರ ಮೀಟರ್ ಗುರಿಯನ್ನು 40 ಕಿ.ಮೀ. ದೂರದಲ್ಲಿ ಕಾಣುವ ರೇಡಾರ್, ಕಾಗದದ ಲೆಕ್ಕದಲ್ಲಿ, ಈ ಡ್ರೋನನ್ನು ಸುಮಾರು 12.6 ಕಿ.ಮೀ.ಗೆ ಕಾಣಬೇಕು. ನೆಲದ ಮೇಲೆ ಆ ಲೆಕ್ಕ ನಿಲ್ಲಲ್ಲ. ಡ್ರೋನ್ ಹಾರೋದು ಮರಗಳ ತಲೆಗಿಂತ ಸ್ವಲ್ಪ ಮೇಲೆ. ಅಲ್ಲಿ ನೀಲಗಿರಿ, ಪಾಪ್ಲರ್ ತೋಪುಗಳು, ವಿದ್ಯುತ್ ಕಂಬಗಳು, ಗಾಳಿಗೆ ಅಲ್ಲಾಡುವ ಬೆಳೆ ಎಲ್ಲದರಿಂದಲೂ ಪ್ರತಿಫಲನ ವಾಪಸ್ ಬರುತ್ತೆ. ಈ ಗದ್ದಲ ಕಳೆಯೋದಕ್ಕೆ ನಿಧಾನಕ್ಕೆ ಚಲಿಸುವುದನ್ನೆಲ್ಲ ರೇಡಾರ್ ಸೋಸಿ ಎಸೆಯುತ್ತೆ. ಒಂದೇ ಕಡೆ ತೇಲುತ್ತಾ ನಿಂತ ಡ್ರೋನ್ ಅದರ ಜೊತೆಗೇ ಸೋಸಿಹೋಗುತ್ತೆ.

ಅದಕ್ಕೇ ಡ್ರೋನ್‌ಗೆಂದೇ ಮಾಡಿದ ರೇಡಾರ್‌ಗಳು ರೆಕ್ಕೆಯ ತಿರುಗಾಟವನ್ನು ಹುಡುಕುತ್ತವೆ. ಪ್ರೊಪೆಲ್ಲರ್ ತಿರುಗುವಾಗ ವಾಪಸ್ ಬರುವ ತರಂಗದಲ್ಲಿ ಸಣ್ಣ ಸಣ್ಣ ಡಾಪ್ಲರ್ ಪಟ್ಟಿಗಳು, ಅಂದರೆ ಚಲನೆಯಿಂದ ತರಂಗದ ಆವರ್ತನ ಬದಲಾದ ಗುರುತುಗಳು, ಮೂಡುತ್ತವೆ. ಹಕ್ಕಿ ರೆಕ್ಕೆ ಬಡಿಯುವಾಗ ಬರುವ ಗುರುತೇ ಬೇರೆ. ಇದರ ಜೊತೆಗೆ ರೇಡಿಯೊ ಸೆನ್ಸರ್ ಇರಲೇಬೇಕು. ಮಾರುಕಟ್ಟೆಯ ಡ್ರೋನ್‌ಗಳು ಹೆಚ್ಚಾಗಿ 2.4 ಮತ್ತು 5.8 ಗಿಗಾಹರ್ಟ್ಸ್‌ನಲ್ಲಿ ವಿಡಿಯೊ ಕಳಿಸುತ್ತಲೇ ಇರುತ್ತವೆ. ದೂರದೂರ ಇಟ್ಟ ಎರಡು ಸೆನ್ಸರ್‌ಗಳು ದಿಕ್ಕು ಹೇಳಿದರೆ ಆ ಎರಡು ಗೆರೆ ಕೂಡುವ ಜಾಗವೇ ಡ್ರೋನ್. ಕೆಲವೊಮ್ಮೆ ರಿಮೋಟ್ ಹಿಡಿದವನ ಜಾಗವೂ ಸಿಗುತ್ತೆ. ಆದರೆ ಮೊದಲೇ ದಾರಿ ಬರೆದು ಕಳಿಸಿದ ಡ್ರೋನ್ ಏನನ್ನೂ ಪ್ರಸಾರ ಮಾಡದೆ ಬಂದರೆ ರೇಡಿಯೊ ಸೆನ್ಸರ್ ಸುಮ್ಮನೇ ಕೂತಿರುತ್ತೆ. ಆಗ ರೇಡಾರ್ ಮತ್ತು ಥರ್ಮಲ್ ಕ್ಯಾಮೆರಾವೇ ಗತಿ. ಒಂದೇ ಪೆಟ್ಟಿಗೆ ಕೊಂಡು ತಂದು ಗಡಿ ಭದ್ರವಾಯಿತು ಅನ್ನುವ ಮಾತನ್ನು ನಂಬಬೇಡಿ.

ಅದೇ ವಿದ್ಯಾರ್ಥಿ: ಕಂಡ ಮೇಲೆ ರೇಡಿಯೊ ಸಂಪರ್ಕ ಕೆಡಿಸುವ ಜ್ಯಾಮರ್ ಹಾಕಿದರೆ ಕೆಳಗೆ ಬೀಳುತ್ತೆ ಅಲ್ವಾ?

ಉತ್ತರ (ರೇಡಾರ್ ಎಂಜಿನಿಯರ್): ಬೀಳಲೇಬೇಕು ಅಂತೇನಿಲ್ಲ. ರಿಮೋಟ್ ಸಂಪರ್ಕ ಮಾತ್ರ ಕಡಿದರೆ ಹೆಚ್ಚಿನ ಡ್ರೋನ್‌ಗಳು ಹೊರಟ ಜಾಗಕ್ಕೆ ತಾವಾಗಿಯೇ ವಾಪಸ್ ಹೋಗುತ್ತವೆ. ಗಡಿಯಲ್ಲಿ ಅದರ ಅರ್ಥ, ಡ್ರೋನ್ ಹೋಯಿತು, ಸಾಕ್ಷ್ಯವೂ ಹೋಯಿತು. ಜಿಪಿಎಸ್ಸನ್ನೂ ಸೇರಿಸಿ ಮುಚ್ಚಿದರೆ ಮನೆಯ ದಾರಿ ಗೊತ್ತಾಗದೆ ಗಾಳಿ ಬಂದ ಕಡೆ ತೇಲುತ್ತೆ ಇಲ್ಲವೇ ಇದ್ದಲ್ಲೇ ಇಳಿಯುತ್ತೆ.

ದೂರದ ಲೆಕ್ಕವೂ ಮುಖ್ಯ. ಜ್ಯಾಮರ್ ಡ್ರೋನ್‌ಗೆ ಹತ್ತಿರ ಇದ್ದು ರಿಮೋಟ್ ದೂರ ಇದ್ದರೆ ಜ್ಯಾಮರ್ ಗೆಲ್ಲುತ್ತೆ. ಡ್ರೋನ್ ಇನ್ನೂ ಆಚೆ ಬದಿಯಲ್ಲಿ, ರಿಮೋಟ್ ಪಕ್ಕದಲ್ಲೇ ಇರುವಾಗ ಜ್ಯಾಮರ್ ಒತ್ತಿದರೆ ಸಂಪರ್ಕ ಕಡಿಯುವುದೇ ಕಷ್ಟ. ಬಂದೂಕಿನಂತೆ ಹಿಡಿಯುವ ಜ್ಯಾಮರ್‌ನಲ್ಲಿ ಆಗುವ ತಪ್ಪು ಬೇರೆ: ಡ್ರೋನ್ ತಡವರಿಸಿದ್ದು ಕಂಡ ಕೂಡಲೇ ಗುರಿ ಸರಿಸಿಬಿಡುತ್ತಾರೆ. ಅಷ್ಟು ಸಾಕು, ಅದು ಸಂಪರ್ಕ ಮತ್ತೆ ಹಿಡಿದುಕೊಳ್ಳುತ್ತೆ. ನೆಲ ಮುಟ್ಟುವ ತನಕ ಗುರಿ ಕದಲಿಸಬಾರದು.

ಜಿಪಿಎಸ್ ಮುಚ್ಚೋದಕ್ಕೆ ಇನ್ನೊಂದು ಬೆಲೆ ಇದೆ. ಅಮೃತಸರ ವಿಮಾನ ನಿಲ್ದಾಣ ಗಡಿಗೆ ಹತ್ತಿರ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಪ್ರದೇಶದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಕಡೆ, ವಿಮಾನಗಳಿಗೆ 465 ಬಾರಿ ಜಿಪಿಎಸ್ ತೊಂದರೆ ಆಗಿದೆ ಅಂತ ಸರ್ಕಾರ ಸಂಸತ್ತಿಗೆ ಹೇಳಿದೆ. ಅದೆಲ್ಲ ಡ್ರೋನ್ ಜ್ಯಾಮರ್‌ನಿಂದಲೇ ಆಯಿತು ಅಂತಲ್ಲ. ಆದರೆ ಆ ಆಕಾಶದಲ್ಲಿ ಸ್ವಿಚ್ ಒತ್ತುವ ಮುಂಚೆ ಯೋಚಿಸಬೇಕು, ಬೇಕಾದಷ್ಟೇ ದಿಕ್ಕಿಗೆ, ಬೇಕಾದಷ್ಟೇ ಹೊತ್ತು.

ಪ್ರಶ್ನೆ (ಶಾಲಾ ಶಿಕ್ಷಕಿ, ಧಾರವಾಡ): ಇಷ್ಟೆಲ್ಲ ಯಾಕ್ರಿ ಸರ್, ಗುಂಡು ಹೊಡೆದು ಕೆಡವಬಾರದೇನು?

ಉತ್ತರ (ನಿವೃತ್ತ ಬಿಎಸ್‌ಎಫ್ ಅಧಿಕಾರಿ, ಹಾಸನ): ಹೊಡೀತಾರೆ ಮೇಡಂ, ಕೆಡವಿದ್ದೂ ಇದೆ. 2020ರ ಜೂನ್ 20ರಂದು ಜಮ್ಮುವಿನ ಕಠುವಾ ಜಿಲ್ಲೆಯಲ್ಲಿ ಎಂ4 ರೈಫಲ್ ಮತ್ತು ಗ್ರೆನೇಡ್ ಹೊತ್ತು ಬಂದ ಆರು ರೆಕ್ಕೆಯ ಡ್ರೋನನ್ನು ಗುಂಡಿನಿಂದಲೇ ಉರುಳಿಸಿದರು. ಅದು ದೊಡ್ಡದು, ಬೆಳಗಿನ ಜಾವ ಬಂದಿತ್ತು. ಈಗ ಹೆಚ್ಚು ಸಿಗೋದು ಚೀನಾದ ಡಿಜೆಐ ಕಂಪನಿಯ ಮ್ಯಾವಿಕ್ 3 ಕ್ಲಾಸಿಕ್ ಥರದ್ದು. ತೂಕ 895 ಗ್ರಾಂ, ಮೂಲೆಯಿಂದ ಮೂಲೆಗೆ ಒಂದು ಮೊಳವೂ ಇಲ್ಲ.

ಕತ್ತಲಲ್ಲಿ ಪಹರೆಯ ಯೋಧನಿಗೆ ಮೊದಲು ಸಿಗೋದು ಸದ್ದು. ಡ್ರೋನ್ 300 ಮೀಟರ್ ದೂರದಲ್ಲಿದ್ದರೆ ಸದ್ದು ಕಿವಿಗೆ ಬರೋಕೆ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚೇ ಬೇಕು. ಸೆಕೆಂಡಿಗೆ 15 ಮೀಟರ್ ಹೋಗುತ್ತಿದ್ದರೆ ಅಷ್ಟರಲ್ಲಿ ಅದು 13 ಮೀಟರ್ ಮುಂದೆ. ಸದ್ದು ಬಂದ ಕಡೆಗೆ ಹೊಡೆದ ಗುಂಡು ಖಾಲಿ ಆಕಾಶಕ್ಕೆ ಹೋಗುತ್ತೆ. ಬೆಳಕಿನ ಬಾಂಬ್ ಹಾರಿಸಿದರೆ ಸ್ವಲ್ಪ ಹೊತ್ತು ಕಾಣುತ್ತೆ, ಡಿಸೆಂಬರ್–ಜನವರಿಯ ಮಂಜಿನಲ್ಲಿ ಅದೂ ಇಲ್ಲ. ಹನ್ನೆರಡು ಬೋರ್ ಬಂದೂಕಿನ ಚರೆ ಹರಡುತ್ತೆ ನಿಜ, ಆದರೆ 40–50 ಮೀಟರ್ ಮೀರಿದರೆ ಅದರಲ್ಲಿ ಕಸುವಿಲ್ಲ. ಮೇಲಕ್ಕೆ ಹೊಡೆದ ರೈಫಲ್ ಗುಂಡು ಎಲ್ಲೋ ಇಳಿಯಲೇಬೇಕು, ಬೇಲಿಯ ಹಿಂದೆಯೇ ಹಳ್ಳಿಗಳಿವೆ.

ಸಮಯವನ್ನೂ ನೋಡಿ. ಅದೇ ವೇಗದಲ್ಲಿ 2 ಕಿ.ಮೀ. ಒಳಗೆ ಬರೋಕೆ ಎರಡೂಕಾಲು ನಿಮಿಷ ಸಾಕು. ಕಾಣೋದು, ಹೌದಾ ಅಂತ ಖಾತ್ರಿ ಮಾಡೋದು, ಪಕ್ಕದ ಪೋಸ್ಟಿಗೆ ಹೇಳೋದು ಎಲ್ಲ ಅಷ್ಟರಲ್ಲೇ ಮುಗಿಯಬೇಕು.

ನನ್ನ ಮಟ್ಟಿಗೆ ಹೇಳೋದಾದರೆ ಡ್ರೋನ್‌ಗಿಂತ ಪೊಟ್ಟಣ ಎತ್ತೋಕೆ ಬರುವವನನ್ನು ಹಿಡಿಯೋದು ದೊಡ್ಡ ಕೆಲಸ. ಡ್ರೋನ್ ಹೋದರೆ ಆಚೆಯವರು ಇನ್ನೊಂದು ಕೊಳ್ಳುತ್ತಾರೆ. ಪಂಜಾಬಿನಲ್ಲಿ 2023ರಲ್ಲಿ ಬಿಎಸ್‌ಎಫ್‌ಗೆ 107 ಡ್ರೋನ್ ಸಿಕ್ಕಿದ್ದವು, 2024ರಲ್ಲಿ 294. ಹಿಡಿದಷ್ಟೂ ಬರುತ್ತಲೇ ಇವೆ. ಈಚೆ ಬದಿಯ ಕೊಂಡಿ ಕಳಚಿದರೆ ಮಾತ್ರ ಆ ದಾರಿ ನಿಲ್ಲುತ್ತೆ. ಹೆರಾಯಿನ್ 250 ಗ್ರಾಂ ಮೀರಿದರೆ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಲ್ಲಿ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಈ ಪೊಟ್ಟಣಗಳು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ನಾಲ್ಕು ಕಾಸಿನ ಆಸೆಗೆ ಎತ್ತಲು ಹೋದ ಊರ ಹುಡುಗನ ಅರ್ಧ ಆಯುಷ್ಯ ಅಲ್ಲೇ ಮುಗಿಯುತ್ತೆ. ಇದನ್ನು ಆ ಹಳ್ಳಿಗಳಲ್ಲಿ ಮನೆಮನೆಗೆ ಹೇಳಬೇಕಾಗಿದೆ.

ಪ್ರಶ್ನೆ (ಲಾರಿ ಮಾಲೀಕರು, ದಾವಣಗೆರೆ): ನಮ್ಮ ಡ್ರೈವರ್‌ಗಳು ಅಮೃತಸರ, ತರನ್ ತಾರನ್ ಕಡೆ ಲೋಡ್ ತಗೊಂಡು ಹೋಗ್ತಾರೆ. ರಸ್ತೆ ಪಕ್ಕ ಇಂಥದ್ದೇನಾದರೂ ಬಿದ್ದಿರೋದು ಕಂಡರೆ ಏನು ಮಾಡಬೇಕು?

ಉತ್ತರ (ನಿವೃತ್ತ ಬಿಎಸ್‌ಎಫ್ ಅಧಿಕಾರಿ): ಮುಟ್ಟಬಾರದು, ಅದೇ ಮೊದಲು. ಪೊಟ್ಟಣದ ಗುರುತು ಹೇಳುತ್ತೇನೆ: ಹಳದಿ ಅಂಟುಪಟ್ಟಿ ಬಿಗಿಯಾಗಿ ಸುತ್ತಿದ ಕಟ್ಟು, ನೆತ್ತಿಗೆ ಲೋಹದ ರಿಂಗ್ ಅಥವಾ ತಂತಿಯ ಕುಣಿಕೆ, ಕತ್ತಲಲ್ಲಿ ಹುಡುಕೋಕೆ ಹೊಳೆಯುವ ಪಟ್ಟಿ. ಎಲ್ಲದರಲ್ಲೂ ಮಾದಕವಸ್ತುವೇ ಇರುತ್ತೆ ಅಂದುಕೊಳ್ಳಬೇಡಿ. 2021ರ ಆಗಸ್ಟ್‌ನಲ್ಲಿ ಅಮೃತಸರದ ಗಡಿ ಹಳ್ಳಿಯೊಂದರಲ್ಲಿ ಟಿಫಿನ್ ಡಬ್ಬಿಯೊಳಗೆ ಬಾಂಬ್ ಸಿಕ್ಕಿತ್ತು.

ದೂರ ಸರಿದು 112ಕ್ಕೆ ಫೋನ್ ಮಾಡಲಿ. ಜಾಗ, ಹೊತ್ತು, ಸದ್ದು ಯಾವ ಕಡೆಯಿಂದ ಬಂದು ಯಾವ ಕಡೆ ಹೋಯಿತು ಇಷ್ಟು ಹೇಳಲಿ. ಫೋಟೊ ವಾಟ್ಸಾಪ್‌ಗೆ ಹಾಕಬಾರದು, ಎತ್ತೋಕೆ ಬರುವವನು ಎಚ್ಚೆತ್ತುಕೊಳ್ಳುತ್ತಾನೆ. ಡ್ರೋನೇ ಬಿದ್ದಿದ್ದರೆ ಬ್ಯಾಟರಿ ಕೀಳೋದು, ಆನ್ ಮಾಡಿ ನೋಡೋದು ಬೇಡವೇ ಬೇಡ. ಜಜ್ಜಿದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತು ಬಿಟ್ಟು ಹೊತ್ತಿಕೊಳ್ಳಬಹುದು.

ರೇಡಾರ್ ಎಂಜಿನಿಯರ್: ಒಂದು ಸೇರಿಸುತ್ತೇನೆ. ಆನ್ ಮಾಡಿದರೆ ಒಳಗಿನ ದಾಖಲೆ ಕೆಡುವ ಅಪಾಯವೂ ಇದೆ, ಅದೇ ಅದರ ನಿಜವಾದ ಬೆಲೆ. 2022ರ ಡಿಸೆಂಬರ್ 25ರಂದು ಅಮೃತಸರ ಗಡಿಯಲ್ಲಿ ಉರುಳಿಸಿದ ಡ್ರೋನಿನ ಮೆಮೊರಿ ತೆಗೆದಾಗ, ಅದು ಜೂನ್‌ನಲ್ಲಿ ಶಾಂಘೈನಲ್ಲಿ ಹಾರಿದ್ದು, ಸೆಪ್ಟೆಂಬರ್‌ನಿಂದ ಪಾಕಿಸ್ತಾನದ ಖಾನೇವಾಲ್‌ನಲ್ಲಿ 28 ಸಲ ಹಾರಿದ್ದು ಎಲ್ಲ ಸಿಕ್ಕಿತು.

ಪ್ರಶ್ನೆ (ಮದುವೆ ಫೋಟೊಗ್ರಾಫರ್, ಮೈಸೂರು): ಮುಂದಿನ ತಿಂಗಳು ಅಮೃತಸರದಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೇನೆ. ನನ್ನ ಡ್ರೋನ್ 249 ಗ್ರಾಂ, ಲೈಸೆನ್ಸ್ ಬೇಡ ಅಂತಾರೆ. ತಗೊಂಡು ಹೋಗಬಹುದಾ?

ಉತ್ತರ (ಡ್ರೋನ್ ಪೈಲಟ್ ತರಬೇತುದಾರ, ಬೆಂಗಳೂರು): ಬಿಟ್ಟು ಹೋಗಿ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ನ್ಯಾನೊ, ಪೈಲಟ್ ಪ್ರಮಾಣಪತ್ರದ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ತೂಕಕ್ಕೆ, ಜಾಗಕ್ಕಲ್ಲ. ಕೆಂಪು ವಲಯದಲ್ಲಿ, ಅಂದರೆ ಡ್ರೋನ್ ಹಾರಾಟ ನಿರ್ಬಂಧಿಸಿದ ಜಾಗದಲ್ಲಿ, ಎಷ್ಟೇ ಹಗುರ ಇದ್ದರೂ ಕೇಂದ್ರ ಸರ್ಕಾರದ ಅನುಮತಿ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಮದುವೆ ಮಂಟಪದ ಜಾಗ ಹಾಕಿ ನೋಡಿ. ಹಿಂದಿನ ದಿನ ಮತ್ತೆ ನೋಡಿ, ಯಾಕಂದರೆ ಎಸ್‌ಪಿ ದರ್ಜೆಯ ಅಧಿಕಾರಿ ಯಾವುದೇ ಜಾಗವನ್ನು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅದಕ್ಕಿಂತ ದೊಡ್ಡ ತೊಂದರೆ, ಅಲ್ಲಿ ಸೆನ್ಸರ್‌ಗೆ ನಿಮ್ಮ ಡ್ರೋನೂ ಕಳ್ಳಸಾಗಣೆಯ ಡ್ರೋನೂ ಒಂದೇ. ಪಹರೆಯವರು ನಿಮ್ಮ ಹಿಂದೆ ಓಡುವ ಹತ್ತು ನಿಮಿಷದಲ್ಲಿ ಬೇರೆ ಕಡೆ ಇನ್ನೊಂದು ದಾಟಿಬಿಡಬಹುದು. ಎತ್ತರದ ಶಾಟ್ ಬೇಕೇ ಬೇಕಂದರೆ ಉದ್ದನೆಯ ಕಂಬದ ಮೇಲೆ ಕ್ಯಾಮೆರಾ ಕಟ್ಟಿ ತೆಗೆಯಿರಿ.

ಪ್ರಶ್ನೆ (ಕಾರವಾರದಿಂದ): ನಮ್ಮ ಕಡೆ ಇಂಥ ನಿಯಮ ಇದೆಯಾ?

ಉತ್ತರ (ತರಬೇತುದಾರ): ಇದೆ. ನೌಕಾನೆಲೆಗಳ ಸುತ್ತ 3 ಕಿ.ಮೀ. ಹಾರಾಟ ನಿಷೇಧ, ನಿಮ್ಮ ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬಕ್ಕೂ ಅನ್ವಯ. ಬೀಚಿನಲ್ಲಿ ನಿಂತು ಹಾರಿಸುವ ಮುಂಚೆ ನಕ್ಷೆ ನೋಡಿಕೊಳ್ಳಿ.

ಪ್ರಶ್ನೆ (ವಿದ್ಯಾರ್ಥಿ, ಕೊನೆಯದಾಗಿ): ಈ ಕ್ಷೇತ್ರದಲ್ಲಿ ಕೆಲಸ ಮಾಡಬೇಕಂದರೆ ಕರ್ನಾಟಕದಲ್ಲಿ ಅವಕಾಶ ಇದೆಯಾ ಸರ್?

ಉತ್ತರ (ರೇಡಾರ್ ಎಂಜಿನಿಯರ್): ಬೆಂಗಳೂರಿಗಿಂತ ಒಳ್ಳೆಯ ಜಾಗ ಸಿಗಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಡ್ರೋನ್ ನಿರೋಧಕ ವ್ಯವಸ್ಥೆಯನ್ನು ತಯಾರಿಸೋದು ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್. ಪುಟ್ಟ ಡ್ರೋನನ್ನು 4 ಕಿ.ಮೀ.ವರೆಗೆ ಪತ್ತೆಹಚ್ಚಿ, 3 ಕಿ.ಮೀ.ಯಲ್ಲಿ ಜ್ಯಾಮ್ ಮಾಡಿ, 1 ಕಿ.ಮೀ. ಒಳಗೆ ಲೇಸರ್‌ನಿಂದ ಸುಡೋದು ಅದರ ಸಾಮರ್ಥ್ಯ. ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಇರೋದೂ ಇಲ್ಲೇ. ಲೇಸರ್ ಒಂದೇ ಜಾಗದ ಮೇಲೆ ಕೆಲವು ಸೆಕೆಂಡ್ ನಿಲ್ಲಬೇಕು, ಮಂಜು ದೂಳಿನಲ್ಲಿ ಬಲ ಕಳೆದುಕೊಳ್ಳುತ್ತೆ. ಅಲ್ಲಿ ಮಾಡೋ ಕೆಲಸ ಬೇಕಾದಷ್ಟಿದೆ. ಸಿಗ್ನಲ್ ಪ್ರೊಸೆಸಿಂಗ್ ಗಟ್ಟಿ ಮಾಡಿಕೊಳ್ಳಿ, ಆಂಟೆನಾ ಪಾಠ ಬಿಡಬೇಡಿ. ಹಕ್ಕಿ ಮತ್ತು ಡ್ರೋನಿನ ಡಾಪ್ಲರ್ ಗುರುತುಗಳನ್ನು ಬೇರ್ಪಡಿಸುವ ಒಂದು ಪ್ರಾಜೆಕ್ಟ್ ಅಂತಿಮ ವರ್ಷಕ್ಕೆ ತಗೊಳ್ಳಿ. 24 ಗಿಗಾಹರ್ಟ್ಸ್‌ನ ಸಣ್ಣ ರೇಡಾರ್ ಮಾಡ್ಯೂಲ್, ಒಂದು ಲ್ಯಾಪ್‌ಟಾಪ್ ಇದ್ದರೆ ಕಾಲೇಜಿನ ಲ್ಯಾಬಿನಲ್ಲೇ ಶುರು ಮಾಡಬಹುದು. ಮೊದಲು ಟೇಬಲ್ ಫ್ಯಾನಿನ ರೆಕ್ಕೆ ಅಳೆದು ನೋಡಿ, ಆಮೇಲೆ ಡ್ರೋನಿಗೆ ಬನ್ನಿ. ಜ್ಯಾಮರ್ ಮಾತ್ರ ಕಟ್ಟೋಕೆ ಹೋಗಬೇಡಿ, ಅನುಮತಿಯಿಲ್ಲದೆ ಇಟ್ಟುಕೊಳ್ಳೋದೂ ಕಾನೂನುಬಾಹಿರ.