ಹುಂಜದ ದುಡ್ಡು

ಪುಟ್ಟಾ, ನಿನ್ನ ಮೆಸೇಜು ಈಗಷ್ಟೇ ನೋಡಿದೆ. ನಮ್ಮ ಚರ್ಚಿನ ಬೆಳೆ ಹಬ್ಬದ ಏಲಂ ಲೆಕ್ಕದಲ್ಲಿ 1,850 ರೂಪಾಯಿ ಕಮ್ಮಿ ಬರುತ್ತಿದೆ, ಭಾನುವಾರ ಕಮಿಟಿ ಮುಂದೆ ಓದಬೇಕು, ಸುಮ್ನೆ ಶಾಮಿಯಾನದ ಖರ್ಚಿಗೆ ಸೇರಿಸಿಬಿಡಲಾ ಅಂತ ಕೇಳಿದ್ದೀಯ. ಬೇಡ ಮಗಾ. ಸುಳ್ಳು ವೋಚರ್ ಮಾತ್ರ ಬರೆಯಬೇಡ. ನೀನು ಒಂದು ಪೈಸೆ ಮುಟ್ಟುವವನಲ್ಲ, ಗೊತ್ತು. ನಾನೂ ಮುಟ್ಟಿರಲಿಲ್ಲ.

1987ರಲ್ಲಿ ಸ್ತ್ರೀಯರ ಸಂಘದ ಖಜಾಂಚಿ ನಾನೇ. ನಮ್ಮ ಏಲಂ ಗೊತ್ತಲ್ಲ, ದೇವರಿಗೆ ಕೊಟ್ಟದ್ದು ಅಂತ ಒಂದು ಬೂದುಗುಂಬಳಕ್ಕೂ ಪೇಟೆ ಕ್ರಯದ ಹತ್ತು ಪಟ್ಟು ಕೂಗುತ್ತಾರೆ. ರಾತ್ರಿ ಎಣಿಸಿದರೆ 210 ರೂಪಾಯಿ ಕಮ್ಮಿ. ಮೂರು ಸಲ ಎಣಿಸಿದೆ, ಕೈಕಾಲು ನಡುಕ, ಕೊನೆಗೆ ಚಾ ತಿಂಡಿ ಅಂತ 210ಕ್ಕೆ ಒಂದು ಚೀಟಿ ಬರೆದು ಸಹಿ ಹಾಕಿ ಮಲಗಿದೆ. ಲೆಕ್ಕ ಚೊಕ್ಕ ಇದೆ ಅಂತ ಹೊಗಳಿದರು ಕೂಡ. ಎರಡು ವಾರ ಕಳೆದು, ಆರಾಧನೆ ಮುಗಿದ ಮೇಲೆ, ಬೀಡಿ ಕಟ್ಟಿ ಬದುಕುವ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ 210 ರೂಪಾಯಿ ನನ್ನ ಕೈಗಿಟ್ಟಳು. "ಆವತ್ತಿನ ಹುಂಜದ ದುಡ್ಡಮ್ಮಾ, ಮಜೂರಿ ನಿನ್ನೆ ಸಿಕ್ಕಿತು." ಏಲಂನಲ್ಲಿ ಅವಳು ಕೂಗಿ ಹಿಡಿದ ಹುಂಜವನ್ನೇ ಮರೆತಿದ್ದೆ ನಾನು! ಈಗ ಪುಸ್ತಕದಲ್ಲಿ ಜಾಗವೇ ಇಲ್ಲದ ದುಡ್ಡು ನನ್ನ ಕೈಯಲ್ಲಿ. ಪಾದ್ರಿ ಅಯ್ಯನವರು ನಾಲ್ಕು ಹೆಜ್ಜೆ ದೂರದಲ್ಲೇ ಇದ್ದರು, ಹೇಳಬಹುದಿತ್ತು. ಪರ್ಸಿಗೆ ಹಾಕಿಕೊಂಡೆ. ವರ್ಷದ ಕೊನೆಗೆ ಲೆಕ್ಕ ಓದುವಾಗ ಒಬ್ಬರು ಎದ್ದು, "ಆವತ್ತಿನ ಚಾ ತಿಂಡಿ ನಮ್ಮ ಮನೆಯಿಂದ ಬಿಟ್ಟಿ ಬಂದದ್ದಲ್ವಾ?" ಅಂದರು.

ಬೈಬಲಿನ ಅನನೀಯ, ಸಪ್ಫೈರರ ಕಥೆ ಸಂಡೇ ಸ್ಕೂಲಿನಲ್ಲಿ ನಿನಗೆ ಕಲಿಸಿದ್ದೇ ನಾನು. ಹೊಲ ಮಾರಿದ ದುಡ್ಡಲ್ಲಿ ಸ್ವಲ್ಪ ಬಚ್ಚಿಟ್ಟು, ಉಳಿದದ್ದನ್ನು ಸಭೆಗೆ ತಂದು ಪೂರ್ತಿ ಇಷ್ಟೇ ಅಂದ ಗಂಡ ಹೆಂಡತಿ. ಹೊಲ ನಿನ್ನದೇ, ಮಾರಿದ ದುಡ್ಡೂ ನಿನ್ನದೇ ಇತ್ತಲ್ಲ ಅಂತ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ. ಅವರು ಬಿದ್ದು ಸತ್ತದ್ದು ಕಮ್ಮಿ ಕೊಟ್ಟದ್ದಕ್ಕಲ್ಲ, ಕಮ್ಮಿಯನ್ನು ಪೂರ್ತಿ ಅಂದದ್ದಕ್ಕೆ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಸುಳ್ಳು ವೋಚರ್ ಬರೆಯಬೇಡ.

ದುಡ್ಡು ಕಟ್ಟಿದೆ, ಸಭೆಯವರು ಕ್ಷಮಿಸಿದರು. ಮನೆಯವರು ಬಿಟ್ಟರಾ? ಅತ್ತೆ ಆಸ್ಪತ್ರೆಯಲ್ಲಿದ್ದ ನಲವತ್ತು ದಿನ ಓಡಾಡಿದ್ದು ನಾನೊಬ್ಬಳೇ, ಆಟೋದ ಹದಿನೈದು ರೂಪಾಯಿಗೂ ಚೀಟಿ ಕೇಳಿದ್ದು ನಿನ್ನ ಚಿಕ್ಕಪ್ಪ. ಈ ಗ್ರೂಪಿನಲ್ಲೇ ಇದ್ದಾನೆ, ಕೇಳಲಿ. ಅವನು ಊಟ ತಂದುಕೊಟ್ಟದ್ದು ಎರಡೇ ದಿನ, ಅದೂ ತಣ್ಣಗಿನ ಗಂಜಿ. ಚಟ್ನಿ ಕೂಡ ಇರಲಿಲ್ಲ.

ಹಾಂ, ನೀನು ಕೇಳಿದ್ದು. ಏಲಂ ಕೂಗಿದ ಪಟ್ಟಿ ಮತ್ತು ರಸೀದಿ ಪುಸ್ತಕ ಪಕ್ಕಪಕ್ಕ ಇಟ್ಟು ಒಂದೊಂದೇ ಗೆರೆ ಹೊಡೆ. ರಸೀದಿ ಇಲ್ಲದ ಹೆಸರು ಸಿಕ್ಕರೆ ಫೋನ್ ಮಾಡಿ ಕೇಳು, ಜಾಸ್ತಿ ಜನ ಮರೆತೇ ಇರುತ್ತಾರೆ. ಆಮೇಲೂ ಕಮ್ಮಿ ಇದ್ದರೆ "ಕೊರತೆ" ಅಂತಲೇ ಬರೆದು ಶನಿವಾರವೇ ಅಯ್ಯನವರಿಗೆ ತೋರಿಸು. ಮುಂದಿನ ಸಲ ಒಬ್ಬನೇ ಎಣಿಸಬೇಡ. ಪೌಲನೂ ಕೂಡಿಸಿದ ಕಾಣಿಕೆ ತರಲು ತನ್ನ ಜೊತೆಗಾರ ತೀತನ ಜೊತೆ ಬೇರೆಯವರನ್ನೂ ಕಳಿಸಿದ್ದ, ಬೈಬಲಿನ 2 ಕೊರಿಂಥ 8ರಲ್ಲಿದೆ. ನಾಳೆ ಸಂಜೆ ಪುಸ್ತಕ ಹಿಡಿದುಕೊಂಡು ಮನೆಗೆ ಬಾ, ಕೂತು ನೋಡುವ. ಬರುವಾಗ ನನ್ನ ಕನ್ನಡಕ ರಿಪೇರಿಗೆ ಕೊಟ್ಟದ್ದು ಆಯಿತಾ ಕೇಳಿಕೊಂಡು ಬಾ.